ಹತ್ತರಿಂದ ಹದಿನೆಂಟು

ಅಗ್ನಿಶಾಮಕ ಸ್ವಯಂಸೇವಕರ ಲಾಟರಿಯಲ್ಲಿ ಬಂದ ಕ್ಯಾಮೆರಾ.
ಅದರ ಜೊತೆಗಿದ್ದ ಲೆನ್ಸಿಗೆ ನಮ್ಮ ಅಡುಗೆಮನೆ ಹಿಡಿಸಲಿಲ್ಲ.
ಇಷ್ಟವಾಗಲಿಲ್ಲವೆಂದಲ್ಲ,
ಒಳಗೆ ಹಿಡಿಸಲಿಲ್ಲ.

ಗೋಡೆಗೆ ಬೆನ್ನು ಒತ್ತಿ, ಹೊಟ್ಟೆ ಒಳಗೆಳೆದು ನಿಂತರೂ
ಒಮ್ಮೆ ಸೆಗುಂದೊನ ಭುಜ ಹೋಗುತ್ತಿತ್ತು,
ಒಮ್ಮೆ ಅಬ್ದೊನ್‌ ಪೂರ್ತಿ.
ಕೊನೆಗೆ ಅಂಗಳಕ್ಕಿಳಿದು ಕಿಟಕಿಯಿಂದ ತೆಗೆದೆ.
ಪುಂಟಾ ಅರೆನಾಸ್‌ನ ಗಾಳಿ,
ಜಲಸಂಧಿಯಿಂದೆದ್ದು ಕದ ತಟ್ಟದೆ ನುಗ್ಗುವ ನೆಂಟ,
ನನ್ನ ಟೋಪಿ ಕಿತ್ತುಕೊಂಡು ಹೋಯಿತು.
ಚಿತ್ರದಲ್ಲಿ ಎಂಟೂ ಜನ ಇದ್ದರು,
ಗಾಜಿನ ಮೇಲೆ ಕೂತ ನನ್ನ ಉಸಿರಿನ ಹಿಂದೆ
ಕರಗಿದ ಬೆಣ್ಣೆಯ ಹಾಗೆ.

ನಾನು ತಲೆಗೂದಲು ಕತ್ತರಿಸುವವಳು.
ಅಂಚು ಸವರುವುದು ನನ್ನ ಕಸುಬು.
ಕೂದಲಾದರೆ ಮತ್ತೆ ಬೆಳೆಯುತ್ತದೆ.

ದ್ರಾಗೋಮಿರನ ಅಂಗಡಿ ಬಂದರಿನ ಹಿಂದಿನ ಓಣಿಯಲ್ಲಿ.
ಅವನ ಅಜ್ಜ ಕ್ರೊಯೇಷಿಯಾದಿಂದ ಹಡಗು ಹತ್ತಿ ಬಂದವನಂತೆ;
ಅಂಗಡಿ ಇನ್ನೂ ಹಡಗಿನ ಕೋಣೆಯಷ್ಟೇ ಇದೆ,
ಗಿರಾಕಿ ಒಳಗೆ ಬಂದರೆ ಅವನು ಪಕ್ಕಕ್ಕೆ ತಿರುಗಬೇಕು.
ಹಸಿರು ಬಟ್ಟೆಯ ಮೇಲೆ ಮೂರು ಲೆನ್ಸು ಇಟ್ಟ.

ಕೆಂಪು ಉಂಗುರದ್ದಕ್ಕೆ ನಾನು ಕೈ ಚಾಚಿದೆ.
'ಬೇಡ' ಎಂದ. 'ದೊಡ್ಡ ಸೆನ್ಸರಿನವರಿಗೆ ಇದು ಅಗಲ.
ನಿನ್ನ ಕ್ಯಾಮೆರಾಕ್ಕೆ ಹಾಕಿದರೆ
ನಿನ್ನ ಹಳೆಯದರ ಶ್ರೀಮಂತ ಅಣ್ಣ, ಅಷ್ಟೆ.'
ಎರಡನೆಯದು ಕಬ್ಬಿಣದ ತೂಕ,
ಮೇಣದ ಬತ್ತಿಯ ಬೆಳಕಿನಲ್ಲೂ ಕಣ್ಣು ಬಿಡುತ್ತದೆ,
ಬೆಲೆ ಕೇಳಿ ನಾನು ಕಣ್ಣು ಮುಚ್ಚಿದೆ.
ಮೂರನೆಯದು ಪ್ಲಾಸ್ಟಿಕ್ಕು, ಒಂದು ಬನ್ನಿನಷ್ಟು ಹಗುರ.
'ಮಬ್ಬಿನಲ್ಲಿ ತುಸು ತಡವರಿಸುತ್ತದೆ,
ಆದರೆ ಕೈ ನಡುಗಿದರೆ ತಡೆದುಕೊಳ್ಳುತ್ತದೆ.
ಹಾಸಿಗೆ ಇದ್ದಷ್ಟು ಕಾಲು ಚಾಚು, ತಾಯಿ.'

ಹತ್ತರಿಂದ ಹದಿನೆಂಟು. ಎಂಟೇ ಮಿಲಿಮೀಟರು.
ನನ್ನ ಕಿರುಬೆರಳ ಉಗುರಿನಗಲ.
ಇಷ್ಟಕ್ಕೆ ಅಷ್ಟು ಪೆಸೋ? ಎಂದೆ.
'ತಿರುಗಿಸಿ ನೋಡು' ಎಂದ.

ತಿರುಗಿಸಿದೆ. ಗೋಡೆಗಳು ಹಿಂದೆ ಸರಿದವು.
ಕಪಾಟು, ಅದರ ಪಕ್ಕದ ಕಪಾಟು, ಸೂರು, ಚಹಾದ ಲೋಟ,
ಒಂದು ಕ್ಷಣ ಅವನ ಗೂಡು ನಗರಸಭೆಯ ಹಜಾರವಾಯಿತು.
ಮೂಲೆಯಲ್ಲಿ ಅವನೇ,
ಕಿವಿ ಹಿಡಿದು ಯಾರೋ ಹೊರಗೆಳೆದ ಹಾಗೆ ಉದ್ದವಾಗಿ.
'ಅಂಚಿನಲ್ಲಿ ಕೂತವರನ್ನು ಇದು ಎಳೆಯುತ್ತದೆ,
ಹತ್ತಿರದವರನ್ನು ಹಿಗ್ಗಿಸುತ್ತದೆ,
ದೂರದವರನ್ನು ಇನ್ನೂ ದೂರ ಕಳಿಸುತ್ತದೆ.
ಯಾರನ್ನು ಎಲ್ಲಿ ಕೂರಿಸಬೇಕೆಂದು ಯೋಚಿಸಿಕೋ' ಎಂದ.
ಮೂರು ಕಂತು ಕೇಳಿದೆ. ಎರಡಕ್ಕೆ ಒಪ್ಪಿದ,
ಒಂದು ಕಟಿಂಗ್ ಮೇಲೆ.

ಯೋಚಿಸುವುದೇನು. ನಮ್ಮಲ್ಲಿ ಅಂಚು ಮೊದಲೇ ಹಂಚಿಕೆಯಾಗಿದೆ.
ಏಡಿ ಹಿಡಿಯುವ ದೋಣಿಯ ಪಾಲಿಗೆ ಜಗಳವಾಗಿ ಎರಡು ವರ್ಷ,
ಸೆಗುಂದೊ ಮೇಜಿನ ಆ ತುದಿ, ಅಬ್ದೊನ್ ಈ ತುದಿ.
ಹಳೆಯ ಲೆನ್ಸು ಪ್ರತಿ ಸಲ ಒಬ್ಬನನ್ನು ಬಿಟ್ಟು
ಇನ್ನೊಬ್ಬನಿಗೆ ನೆಮ್ಮದಿ ಕೊಡುತ್ತಿತ್ತು.

ಭಾನುವಾರ ಒಲೆಯ ಪಕ್ಕ ನಿಂತು
ಹತ್ತಕ್ಕೆ ತಿರುಗಿಸಿ ಒತ್ತಿದೆ.
ಎದೂಲಿಯಾ ಅತ್ತೆ ರೊಟ್ಟಿ ಮುಂದೆ ಚಾಚಿದ್ದಳು:
ಕೈ ಬಾಣಲೆಯಷ್ಟು, ಮುಖ ಗುಂಡಿಯಷ್ಟು.
(ನಲವತ್ತು ವರ್ಷ ಆ ಕೈಯಿಂದ ಉಂಡಿದ್ದೇವೆ,
ಅಳತೆ ತಪ್ಪೆಂದು ನನಗನಿಸಲಿಲ್ಲ.)
ಎರಡೂ ತುದಿಗೆ ಅಣ್ಣತಮ್ಮಂದಿರು,
ಲಟ್ಟಿಸಿದ ಕಣಕದ ಹಾಗೆ, ಒಂದೇ ಅಗಲಕ್ಕೆ.
ಅಬ್ದೊನ್ ಬಿದ್ದುಬಿದ್ದು ನಕ್ಕ.
ಪರದೆ ನೋಡಿಕೊಂಡು. ಅಣ್ಣನನ್ನಲ್ಲ.
ಅಣ್ಣ ಉಪ್ಪು ಕೇಳಿದ, ಯಾರನ್ನೆಂದು ಹೇಳದೆ.

ಕ್ಯಾಮೆರಾ ಕೈಯಿಂದ ಕೈಗೆ ಹೋಯಿತು.
ಅತ್ತೆ ಕನ್ನಡಕ ಏರಿಸಿ, ತುಂಬ ಹೊತ್ತು ನೋಡಿ,
'ಇದು ಯಾರ ಕಾಲೇ?' ಎಂದಳು.

ಕೆಳಗೆ, ಚಿತ್ರದ ಬುಡದಲ್ಲಿ,
ಬೂದು ಉಣ್ಣೆಯ ಕಾಲುಚೀಲ,
ಹೊಲಿಯಬೇಕು ಹೊಲಿಯಬೇಕು ಎಂದುಕೊಂಡೇ ಬಿಟ್ಟಿದ್ದ ತೂತು,
ಅದರಿಂದ ಇಣುಕುವ ಹೆಬ್ಬೆರಳು.
ಮತ್ತೆ ಎಣಿಸಿದೆ.
ಒಂಬತ್ತು.