ಎರಡು ಹಾಳೆ

ಕಾಗದ ಬಂತಲ್ಲ, ರೊಸಾಲಿಯಾ, ಅದು ನನಗೊಬ್ಬನಿಗೇ.
ಮಗುಚಿ ನೋಡಿದೆ, ಹಿಂದೆಯೂ ನಿನ್ನ ಹೆಸರಿಲ್ಲ.

ಹಗಾಟ್ನಾ ಕಚೇರಿಯ ಹುಡುಗಿ,
ಕಿಟುಗ್ವಾ ಮನೆಯವಳೇ ಇರಬೇಕು, ಅದೇ ಮೂಗು,
ಪೆನ್ಸಿಲಲ್ಲಿ ಗೆರೆ ಎಳೆದು ಹೇಳಿದಳು:
ಅರವತ್ತೈದು ತುಂಬಿತೋ, ಮೊದಲು ಮೆಡಿಕೇರ್,
ಅದು ಬಿಟ್ಟಿದ್ದಕ್ಕೆ ಸೈನ್ಯದ ಟ್ರೈಕೇರ್.
ಪಾರ್ಟ್ ಬಿ ಕಂತು ಕಟ್ಟದಿದ್ದರೆ
ಸೈನ್ಯದ್ದೂ ಇಲ್ಲ, ತಾತ.

ಇಪ್ಪತ್ತಾರು ವರ್ಷ ಹೂಂ ಸಾರ್ ಎಂದ ಬಾಯಿ,
ಆಗಲೂ ಹೂಂ ಎಂದಿತು.

ಮಂಡಿ ಆಪರೇಷನ್ನಿಗೆ ಮನಿಲಾಕ್ಕೆ ಹೋದರೆ?
ಮೆಡಿಕೇರ್ ಆ ಕಡಲು ದಾಟುವುದಿಲ್ಲವಂತೆ,
ಕಂತು ಮಾತ್ರ ತಪ್ಪುವಂತಿಲ್ಲವಂತೆ.
ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ.
ನಕ್ಕೆ. ಅವಳು ನಗಲಿಲ್ಲ.

ನಿನ್ನ ಮಾತು ಬಂದಾಗ ಇನ್ನೊಂದು ಹಾಳೆ ತೆಗೆದಳು.
ನಿನಗಿನ್ನೂ ಐವತ್ತೆಂಟು.
ಹಳೆಯ ಯೋಜನೆ, ಹಳೆಯ ಕಾರ್ಡು, ಬೇರೆ ಶುಲ್ಕ,
ಇನ್ನು ಏಳು ವರ್ಷ.

ಕೊರಿಯಾ, ಜರ್ಮನಿ, ಟೆಕ್ಸಸ್ಸಿನ ಆ ಕೆಂಪು ಧೂಳು,
ಹನ್ನೊಂದು ಸಲ ಪಾತ್ರೆ ಕಟ್ಟಿದೆವು,
ಹನ್ನೊಂದು ಸಲವೂ ಒಂದೇ ಆದೇಶ:
ಸಾರ್ಜೆಂಟ್ ವಿಸೆಂಟೆ ಮತ್ತು ಹೆಂಡತಿ.
ಗುಂಡು ಬೇರೆ ಮಾಡಲಿಲ್ಲ,
ನನ್ನ ಕುಡಿತವೂ ಮಾಡಲಿಲ್ಲ.
ಹುಟ್ಟಿದ ತಾರೀಖು ಮಾಡಿತು ನೋಡು.

ಒಂದು ಕ್ಲಿಪ್ಪು ಕೊಡಮ್ಮ ಎಂದೆ.
ಎರಡನ್ನೂ ಸೇರಿಸಿ ಸಿಕ್ಕಿಸಿದೆ.
ಕಂಪ್ಯೂಟರಿನಲ್ಲಿ ಇದು ಬರಲ್ಲ ತಾತ, ಎಂದಳು.

ಎರಡು ವಾರವಾಯಿತು, ಫ್ರಿಜ್ಜಿನ ಮೇಲೇ ಇದೆ.
ಈ ಉಪ್ಪುಗಾಳಿಗೆ ಆಗಲೇ ತುಕ್ಕು.
ಇವತ್ತು ಬಿಡಿಸಿ ನೋಡಿದೆ:
ನಿನ್ನ ಹಾಳೆಯಲ್ಲೂ ನನ್ನದರಲ್ಲೂ
ಒಂದೇ ಕಡೆ
ಕಂದು ಕಲೆ.