ಉಪ್ಪು ಉದುರದ ಮಧ್ಯಾಹ್ನ

ಎರಡೂ ಹತ್ತಕ್ಕೆ
ಎಲ್ಲರ ಫೋನೂ ಒಟ್ಟಿಗೇ ಕಿರುಚಿದವು,
ಸೊಂಟದಲ್ಲಿ, ಚೀಲದಲ್ಲಿ, ಗೋಡೆಯ ಗೂಡಲ್ಲಿ.
ಮಂಡಕ್ಕಿ ಭಟ್ಟಿಯ ಸದ್ದಿನ ಮೇಲೂ ಕೇಳಿಸಿತು.

ದಾವಣಗೆರೆ, ಮುಂದಿನ ಮೂರು ತಾಸು:
ಗುಡುಗು, ಸಿಡಿಲು, ಗಂಟೆಗೆ ಅರವತ್ತು ಕಿಲೋಮೀಟರಿನ ಗಾಳಿ,
ಅಲ್ಲಲ್ಲಿ ಆಲಿಕಲ್ಲು.
ಮರದ ಕೆಳಗೆ ನಿಲ್ಲಬೇಡಿ. ತಗಡಿನ ಸೂರು ನಂಬಬೇಡಿ.
ಓದಿ ಹೇಳಿದವನು ನಾನು, ಲೆಕ್ಕ ಬರೆಯುವವನು,
ತಗಡಿನ ಸೂರಿನ ಕೆಳಗೆ ಕೂತು.

ಹೊರಗೆ ಕಣದ ತುಂಬ ಬೇಯಿಸಿದ ಭತ್ತ.
ಮೇಲೆ ಹತ್ತಿಯಷ್ಟೂ ಮೋಡವಿಲ್ಲ.
"ಹಳದಿಯೋ ಕೆಂಪೋ?" ಅಂದರು ಜಬೀವುಲ್ಲಾ ಸಾಹೇಬರು.
"ಕಿತ್ತಳೆ."
"ಹೋದ ವಾರವೂ ಕಿತ್ತಳೆ. ಬಂದದ್ದು ಧೂಳು."

ಬೀಜಾನ್‌ಬಿ ಮಾತಾಡಲಿಲ್ಲ.
ಗಡಿಗೆಗೆ ಕೈಹಾಕಿ ಒಂದು ಹಿಡಿ ಉಪ್ಪು ತೆಗೆದು
ಬಿಗಿದು, ಬಿಟ್ಟಳು.
ಉದುರಲಿಲ್ಲ.
ಎದ್ದು ಹೊರಟಳು. ಹಿಂದೆ ಏಳು ಜನ.
ಯಾರೂ ಧಣಿಯ ಮುಖ ನೋಡಲಿಲ್ಲ.

ಕಣದ ಮೂಲೆಗೊಂದು ಬೇವು.
ಬುಡದಲ್ಲಿ ಹೂಜಿ, ಊಟದ ಡಬ್ಬಿ,
ಸೀರೆಯ ಜೋಲಿಯಲ್ಲಿ ಹಾಲಮ್ಮನ ಮೊಮ್ಮಗಳು.
ಬೇಸಿಗೆಯಿಡೀ ನಮ್ಮನ್ನು ಸಾಕಿದ ನೆರಳು.
ಭತ್ತಕ್ಕಿಂತ ಮೊದಲು ಜೋಲಿ ಬಿಚ್ಚಿದಳು ಬೀಜಾನ್‌ಬಿ.
ಆನಗೋಡಿನ ದಾರಿಯ ಹುಣಸೆ ಮರದಡಿ
ಮಳೆ ನಿಲ್ಲಲೆಂದು ನಿಂತ ತಂಗಿಯನ್ನು
ಅವಳು ಗುರುತಿಸಿದ್ದು ಬಳೆಯಿಂದ.
ಅವಳು ಇದನ್ನು ಹೇಳಿಲ್ಲ ಯಾರಿಗೂ.
ಪರಿಹಾರದ ಅರ್ಜಿ ಬರೆದುಕೊಟ್ಟವನು ನಾನು.

ಮೂರೂವರೆಗೆ ಮೂಡಲು ಸ್ಲೇಟಿನ ಬಣ್ಣ.
ಮೊದಲು ಕಾಗೆಗಳು ಸುಮ್ಮನಾದವು.
ಆಮೇಲೆ ಪಿ.ಬಿ. ರಸ್ತೆಯ ಫ್ಲೆಕ್ಸಿನಿಂದ
ಯಾರದೋ ಹುಟ್ಟುಹಬ್ಬದ ನಗು ಕಿತ್ತುಕೊಂಡು ಬಂದು
ಕರೆಂಟಿನ ತಂತಿಗೆ ಸಿಕ್ಕಿ ಹರಿಯಿತು.
ಹದಿನಾರು ಮೂಟೆ ಒಳಗೆ. ಉಳಿದದ್ದರ ಮೇಲೆ ತಾಡಪಾಲು,
ತಾಡಪಾಲು ಹಾರದಂತೆ ಅದರ ಮೇಲೆ ಸಾಹೇಬರು.

"ಏಳ್ರೀ ಅಣ್ಣಾ! ಸಿಡಿಲಿಗೆ ಧಣಿ ಯಾರಂತ ಗೊತ್ತಾಗಲ್ಲ!"

ಸಿಮೆಂಟಿನ ಸೂರು ಇದ್ದದ್ದು ಅವರ ಕೋಣೆಗೊಂದಕ್ಕೇ.
ಹನ್ನೊಂದು ಜನ ತುಂಬಿದೆವು,
ಬೂದಿ, ಬೆವರು, ಹೊಟ್ಟಿನ ಧೂಳು, ಚಪ್ಪಲಿ ಸಮೇತ.
ಫ್ಯಾನು ನಿಂತಿತು. ಒಮ್ಮೆ ಎಲ್ಲರ ಮುಖ ಬೆಳ್ಳಗಾಗಿ
ಎಣಿಸಲು ಒಂದೂ ಸಿಗದಷ್ಟು ಬೇಗ ಸದ್ದು.
ಕೂಸು ಅಳಲಿಲ್ಲ. ಸಾಹೇಬರು ಅದರ ಕಿವಿ ಮುಚ್ಚಿದ್ದರು.
ಭಟ್ಟಿಯ ತಗಡಿನ ಮೇಲೆ ಆಲಿಕಲ್ಲು ಶುರುವಾದಾಗ
ಹಾಲಮ್ಮ ಅಂದಳು:
"ಮೇಲೂ ಯಾರೋ ಮರಳು ಕಾಸಿದ್ದಾರೆ ನೋಡು."
ನಗಬಾರದ ಹೊತ್ತಿನಲ್ಲಿ ನಕ್ಕೆವು.

ನಿಂತಾಗ ಆರು ತಗಡು ಇರಲಿಲ್ಲ.
ಬೇವು ಇತ್ತು. ಅದಕ್ಕೇನೂ ಆಗಿರಲಿಲ್ಲ.
ಅದನ್ನೇ ತುಸು ಹೊತ್ತು ನೋಡಿದಳು ಬೀಜಾನ್‌ಬಿ,
ನಂಬಲೂ ಆಗದೆ, ಬಿಡಲೂ ಆಗದೆ.

"ನಾಳೆ ಏನಂತೆ?" ಮೆಲ್ಲಗೆ ಕೇಳಿದರು ಸಾಹೇಬರು.
ನನ್ನ ಫೋನಿನಲ್ಲಿ ಒಂದು ಗೆರೆಯೂ ಸಿಗ್ನಲ್ ಇಲ್ಲ.
ಅವಳು ಅಂಗಳದ ಮಳೆನೀರಲ್ಲಿ
ಕೈ ತೊಳೆಯುತ್ತಿದ್ದಳು.