ಎಣಿಕೆ

ಆಚಾವೊ ಸಂತೆಯಲ್ಲಿ ಕೊಂಡ ಕೋಳಿಗೆ
ಬಾಲವಿರಲಿಲ್ಲ.
ಮಾರಿದವಳು ಅದನ್ನು ಹೇಳಲಿಲ್ಲ.
ಹಿಟ್ಟಿನ ಚೀಲದಿಂದ ಕತ್ತಷ್ಟೇ ಹೊರಗೆ ಬಿಟ್ಟು
‘ನೀಲಿ ಮೊಟ್ಟೆ ಇಡುತ್ತೆ, ಬೆಲಾರ್ಮಿನೊ’ ಅಂದಳು.
ದೋಣಿಯಲ್ಲಿ, ನನ್ನ ಮೊಣಕಾಲ ನಡುವೆ ಕೂತು
ದಾರಿಯುದ್ದಕ್ಕೂ ಅದು
ಬೂಟಿನ ದಾರವನ್ನು ಹುಳುವೆಂದು ಕುಕ್ಕಿತು.
ಮನೆಯಲ್ಲಿ ಬಿಚ್ಚಿ ನೋಡಿದರೆ ಹಿಂಬದಿ ದುಂಡಗೆ,
ಹಿಡಿಕೆ ಮುರಿದ ಕೆಟಲಿನ ಹಾಗೆ.

ಗೂಡಿನಲ್ಲಿ ನಾಲ್ಕಿವೆ. ಐದಿದ್ದವು.
ಜೂನಿನ ನಡುಚಳಿಗಾಲದ ಒಂದು ರಾತ್ರಿ
ಕಾಡುಬೆಕ್ಕು ಬಂದು ಒಂದನ್ನು ಒಯ್ದಿತು.
ಬೆಕ್ಕನ್ನು ಬೈಯಲಾರೆ:
ಚಿಲಕ ಹಾಕಿದ್ದೇನೆ ಎಂದು
ನನಗೆ ನಾನೇ ಹೇಳಿಕೊಂಡು ಮಲಗಿದ್ದೆ.
ಅಂದಿನಿಂದ ದಿನವೂ ಎಣಿಸುತ್ತೇನೆ.

ಬೇಲಿಯಾಚೆಯಿಂದ ಎಡೆಲ್ಮಿರಾ:
‘ಒಮ್ಮೆಗೇ ಒಳಗೆ ಬಿಡಬೇಡ.
ಹತ್ತು ದಿನ ಬಲೆಯಾಚೆ ಇಡು.
ನೋಡಲಿ, ಬೈಯಲಿ, ಬೈದು ಬೇಜಾರಾಗಲಿ.’
ಮೀನಿನ ಹಳೇ ಬಲೆ ತಂದು ನಡುವೆ ಕಟ್ಟಿದೆ.
ಹೆಸರಿಡುವ ಚಟ ನನಗಿಲ್ಲ;
ಆದರೂ ಕರಿಕೋಳಿಯನ್ನು ಕ್ಯಾಪ್ಟನ್ ಅನ್ನುತ್ತೇನೆ,
ಮೂವತ್ತು ವರ್ಷ ದೋಣಿ ಎಂಜಿನ್ನಿಗೆ ಎಣ್ಣೆ ಬಿಟ್ಟವನು,
ಕ್ಯಾಪ್ಟನ್ ಅಂದರೆ ಯಾರೆಂದು ಬಲ್ಲೆ.
ಬಲೆಯುದ್ದಕ್ಕೂ ಅವಳು ಅತ್ತಿಂದಿತ್ತ ನಡೆದಳು,
ಕತ್ತು ಕೊಂಕಿಸಿ, ಒಂದೇ ಕಣ್ಣಲ್ಲಿ.

ತಂಗಿ ಫೋನಿನಲ್ಲಿ ನಕ್ಕಳು:
‘ಅತ್ತೆಮನೆಗೆ ಹೊಸ ಸೊಸೆ ಬಂದ ಹಾಗಾಯಿತು, ಅಣ್ಣ.’
ಅಲ್ಲ ಕಣೇ.
ಸೊಸೆಗೆ ಬಾಗಿಲು ತೆರೆಯಲು ಬರುತ್ತದೆ.
ಇದು ಕೋಳಿ.
ಇದಕ್ಕೆ ಬೇಕಾದದ್ದು ಕೊಕ್ಕು ತಲುಪದಷ್ಟು ದೂರ,
ಇನ್ನೊಂದು ಕಾಳಿನ ತಟ್ಟೆ.

ಹನ್ನೊಂದನೆಯ ರಾತ್ರಿ,
ಕೈ ಒಲೆಗೆ ಹಿಡಿದು ಬಿಸಿ ಮಾಡಿಕೊಂಡು
ಕತ್ತಲಲ್ಲೇ ಎತ್ತಿ ಅಡ್ಡಗಣೆಯ ಮೇಲೆ ಕೂರಿಸಿದೆ.
ಎಡೆಲ್ಮಿರಾ ಹೇಳಿದಂತೆ ಐದಕ್ಕೂ
ಹುಳಿಹೋದ ಸೇಬಿನ ಹೆಂಡ ಸವರಿದೆ.
ವಾಸನೆ ಒಂದೇ ಆದರೆ ಗುರುತು ಸಿಗದಂತೆ,
ಬೆಳಗಾಗುವಷ್ಟರಲ್ಲಿ ಇದು ಮೊದಲಿಂದ ಇತ್ತೆಂದೇ ನಂಬುತ್ತವಂತೆ.
ಗೂಡೆಲ್ಲ
ಮದುವೆ ಮುಗಿದ ಚಪ್ಪರದಂತೆ ನಾರುತ್ತಿತ್ತು.

ಕೋಳಿಗೆ ಎಣಿಕೆ ಬಾರದು ಅಂದವರು ಯಾರು?
ಬೆಳಕು ಹರಿಯುತ್ತಲೇ ಕ್ಯಾಪ್ಟನ್ ಎಣಿಸಿದಳು:
ಒಂದು ಹೆಚ್ಚು.

ಜುಟ್ಟಿನಿಂದ ರಕ್ತ. ಪುಕ್ಕದ ಗಾಳಿ.
ಕೋಲು ಹಿಡಿದು ನುಗ್ಗಿದೆ.
‘ಎಷ್ಟು ದಿನ ಅಂತ ನ್ಯಾಯಾಧೀಶನಾಗಿರ್ತೀಯೋ?
ಒಳಗೆ ಹೋಗು, ಒಲೆಗೆ ಸೌದೆ ಹಾಕು!’
ಹೋಗಲಿಲ್ಲ. ಗಾಯಕ್ಕೆ ಬೂದಿ ಒತ್ತಿದೆ,
ಇಡೀ ಕೋಸೊಂದನ್ನು ದಾರದಲ್ಲಿ ನೇತುಹಾಕಿದೆ.
ಕೋಸು ತೂಗಿತು, ನಾಲ್ಕೂ ಅದರ ಹಿಂದೆ ತೂಗಿದವು.
ಹೊಸತು ಮೂರು ದಿನ
ತಳ್ಳುಗಾಡಿಯ ಕೆಳಗೇ ನಿಂತಿತ್ತು,
ಯಾರಿಗೋ ಕಾಯುತ್ತಿರುವಂತೆ ನಟಿಸುತ್ತ.
ನಾಲ್ಕನೆಯ ದಿನ ಬಂದು, ಕೋಸಿನ ಎಲೆಯೊಂದನ್ನು ಕಿತ್ತು, ಓಡಿತು.
ಕ್ಯಾಪ್ಟನ್ ಅಟ್ಟಿದಳು, ಅರ್ಧ ದಾರಿ ಮಾತ್ರ.

ನಿನ್ನೆ ರಾತ್ರಿ ದೀಪ ಹಿಡಿದು ಹೋದೆ.
ಎಲ್ಲವೂ ಗೋಡೆಗೆ ಮುಖ ಮಾಡಿ ಕೂತಿವೆ.
ಬಾಲ ಒಂದು, ಎರಡು, ಮೂರು, ನಾಲ್ಕು.
ಎದೆ ಧಸಕ್ಕೆಂದಿತು.
ಚಿಲಕ ಎಳೆದು ನೋಡಿದೆ. ಹಲಗೆಗಳ ಸಂದು ತಡವಿದೆ.
ಕೆಸರಿಗೆ ಬಗ್ಗಿ ಬೆಕ್ಕಿನ ಹೆಜ್ಜೆ ಹುಡುಕಿದೆ,
ದೀಪದ ಎಣ್ಣೆ ತೋಳಿಗೆ ಚೆಲ್ಲಿದ್ದೂ ತಿಳಿಯಲಿಲ್ಲ.
ಅವಳಾಗಲೇ ಕಾಡಿನಂಚು ದಾಟಿ
ಯಾವುದರದೋ ಬಾಯಲ್ಲಿ ಹೋಗುತ್ತಿದ್ದಳು
ನನ್ನ ತಲೆಯೊಳಗೆ.

ಆಮೇಲೆ ಕೈ ಚಾಚಿದೆ.
ಕ್ಯಾಪ್ಟನ್ನಿಗೂ ಮೂಲೆಯ ಕಂಬಕ್ಕೂ ನಡುವೆ,
ಬಾಲ ಇರಬೇಕಾದ ಜಾಗದಲ್ಲಿ
ದುಂಡಗೆ, ಬೆಚ್ಚಗೆ, ಏನೋ
ನಿದ್ದೆಗಣ್ಣಲ್ಲಿ ಗೊಣಗಿತು.
ಕ್ಯಾಪ್ಟನ್ ನನ್ನ ಬೆರಳು ಕುಕ್ಕಿದಳು.

ಸರಿ.
ಇನ್ನು ಮೇಲೆ ಮುಂದುಗಡೆಯಿಂದ ಎಣಿಸಬೇಕು.